ಕಡಿಮೆ ಖರ್ಚಿನ ರಜಾದಿನ: ಬೆಂಗಳೂರಿನ ಸಾರ್ವಜನಿಕ ತಾಣಗಳ ಚರಿತ್ರೆ



ಬೇಸಿಗೆ ರಜೆ ಮುಗಿದು ಶಾಲೆ ತೆರೆದ ಮೊದಲ ವಾರದಲ್ಲಿ ನಾನು ಮಕ್ಕಳಿಗೆ ಒಂದು ಪ್ರಬಂಧ ಬರೆಯಲು ಹೇಳುತ್ತೇನೆ. ಉರ್ದು ತರಗತಿಯಾಗಲಿ, ಕನ್ನಡ ತರಗತಿಯಾಗಲಿ, ವಿಷಯ ಒಂದೇ: ರಜೆಯಲ್ಲಿ ಏನೇನು ನೋಡಿದಿರಿ? ಒಂದು ವರ್ಷ ಏಳನೇ ತರಗತಿಯ ಹುಡುಗಿಯೊಬ್ಬಳು ಎರಡೇ ಸಾಲು ಬರೆದುಕೊಟ್ಟಳು. ಎಲ್ಲಿಗೂ ಹೋಗಲಿಲ್ಲ, ಅಬ್ಬಾ ಹತ್ತಿರ ದುಡ್ಡಿರಲಿಲ್ಲ ಎಂದು. ಅವಳ ಮನೆಯಿಂದ ಲಾಲ್‌ಬಾಗಿಗೆ ನಡೆದುಕೊಂಡೇ ಹೋಗಬಹುದು.

ಪೋಷಕರ ಸಭೆಗೆ ಅವಳ ತಂದೆ ಬಂದಾಗ ನಾನು ಈ ಮಾತು ಎತ್ತಿದೆ. ಅವರು ನಾಚಿಕೊಂಡೇ ಹೇಳಿದರು: “ಮೇಡಂ, ನಾಲ್ಕು ಮಕ್ಕಳನ್ನ ಕರ್ಕೊಂಡು ಹೊರಗೆ ಹೊರಟರೆ ಸಾವಿರ ರೂಪಾಯಿ ಕೈಯಲ್ಲಿರಬೇಕು. ಮಾಲ್‌ನಲ್ಲಿ ಒಂದು ಐಸ್‌ಕ್ರೀಮಿಗೇ ನೂರು ರೂಪಾಯಿ.” ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಹೊರಗೆ ಹೋಗುವುದೆಂದರೆ ಮಾಲ್‌ಗೆ ಹೋಗುವುದು ಎಂಬ ಎಣಿಕೆ ಅವರ ಮನಸ್ಸಿನಲ್ಲಿ ಹೇಗೆ ಕುಳಿತಿತೋ!

ಆ ವರ್ಷ ನಾವು ತರಗತಿಯ ಮಕ್ಕಳನ್ನು ಲಾಲ್‌ಬಾಗಿಗೆ ಕರೆದೊಯ್ದೆವು. ಗೇಟಿನ ಹತ್ತಿರ ಅದೇ ಹುಡುಗಿ ನನ್ನ ಕೈ ಹಿಡಿದು ಕೇಳಿದಳು: “ಮೇಡಂ, ಇದು ಯಾರ ತೋಟ? ನಾವು ಒಳಗೆ ಹೋಗಬಹುದಾ?”

ಈ ಪ್ರಶ್ನೆಗೆ ಗೇಟಿನ ಬಳಿ ನಿಂತು ಒಂದು ಮಾತಿನಲ್ಲಿ ಉತ್ತರಿಸಲು ನನ್ನಿಂದ ಆಗಲಿಲ್ಲ. ಆ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ. ದುಡ್ಡಿಲ್ಲದೆ ಅಥವಾ ಕಡಿಮೆ ದುಡ್ಡಿನಲ್ಲಿ ಒಂದು ಕುಟುಂಬ ದಿನವಿಡೀ ಕಳೆಯಬಹುದಾದ ಜಾಗಗಳು ಬೆಂಗಳೂರಿನಲ್ಲಿ ಎಷ್ಟೋ ಇವೆ. ಅವನ್ನು ಯಾರು ಮಾಡಿದರು, ಅವು ನಮ್ಮ ಪಾಲಿಗೆ ಹೇಗೆ ಬಂದವು, ಉಳಿಯಬೇಕಾದರೆ ಏನು ಮಾಡಬೇಕು ಎಂಬುದನ್ನು ತಿಳಿದರೆ ಆ ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಂತೆ.

ಲಾಲ್‌ಬಾಗ್: ಹಲವು ಕೈಗಳ ತೋಟ

ಲಾಲ್‌ಬಾಗಿಗೆ 1760ರಲ್ಲಿ ಅಡಿಪಾಯ ಹಾಕಿದವನು ಹೈದರ್ ಅಲಿ. ತುಮಕೂರು ಜಿಲ್ಲೆಯ ಸಿರಾ ಆಗಿನ ಕಾಲಕ್ಕೆ ಮೊಗಲರ ಸುಬಾ ಆಗಿದ್ದ ಊರು. ಅಲ್ಲಿನ ಮೊಗಲ್ ಮಾದರಿಯ ತೋಟವನ್ನು ನೋಡಿ ಹೈದರನಿಗೆ ಈ ತೋಟದ ಆಸೆ ಹುಟ್ಟಿತೆಂದು ಹೇಳುತ್ತಾರೆ. ಆಗ ಅದರ ವಿಸ್ತಾರ ಸುಮಾರು 40 ಎಕರೆ. ಟಿಪ್ಪು ಸುಲ್ತಾನನು ಪರ್ಷಿಯಾ, ಕಾಬೂಲ್, ಮಾರಿಷಸ್ ಮುಂತಾದ ದೇಶಗಳಿಂದ ಗಿಡ, ಬೀಜಗಳನ್ನು ತರಿಸಿ ನೆಡಿಸಿದ. ಆ ದಿನಗಳಲ್ಲಿ ಅದು ಅರಸರ ತೋಟ. ಸಾಮಾನ್ಯರು ಹೆಂಡತಿ ಮಕ್ಕಳೊಂದಿಗೆ ಅಡ್ಡಾಡುವ ಜಾಗವಾಗಿರಲಿಲ್ಲ.

1799ರಲ್ಲಿ ಟಿಪ್ಪು ಹುತಾತ್ಮನಾದ ಬಳಿಕ ತೋಟ ಇಂಗ್ಲಿಷರ ಕೈಗೆ ಹೋಯಿತು. ಹಲವರ ಉಸ್ತುವಾರಿಗೆ ಹೋಗಿ ಬಂದು, ಕೊನೆಗೆ 1856ರಲ್ಲಿ ಅದನ್ನು ಸರ್ಕಾರಿ ಸಸ್ಯೋದ್ಯಾನವೆಂದು ಘೋಷಿಸಲಾಯಿತು. ಅರಸರ ಖಾಸಗಿ ತೋಟ ಸರ್ಕಾರದ ಉದ್ಯಾನವಾದದ್ದು ಹೀಗೆ. 1874ರಲ್ಲಿ ಮೇಲ್ವಿಚಾರಕನಾಗಿ ಬಂದ ಜಾನ್ ಕ್ಯಾಮರಾನ್ ಮೂವತ್ತಕ್ಕೂ ಹೆಚ್ಚು ವರ್ಷ ಇಲ್ಲಿ ದುಡಿದ. ನಮ್ಮ ಮನೆಗಳಲ್ಲಿ ಸಾಂಬಾರಿಗೆ ಹಾಕುವ ಸೀಮೆಬದನೆಕಾಯಿಯನ್ನು ಈ ಸೀಮೆಗೆ ಪರಿಚಯಿಸಿದ ಕೀರ್ತಿ ಅವನದೇ. ಮುಂದಿನ ಸಲ ಮಾರುಕಟ್ಟೆಯಲ್ಲಿ ಆ ಕಾಯಿ ಕೊಳ್ಳುವಾಗ ಮಕ್ಕಳಿಗೆ ಈ ಕಥೆ ಹೇಳಿ.

ಎಲ್ಲರೂ ಬೆರಗಾಗಿ ನೋಡುವ ಗಾಜಿನಮನೆಗೆ ಅಡಿಗಲ್ಲು ಬಿದ್ದದ್ದು 1889ರ ನವೆಂಬರ್ 30ರಂದು, ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್‌ನ ಕೈಯಿಂದ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಅದಕ್ಕೆ ಮಾದರಿ. 1935ರಲ್ಲಿ ಅದನ್ನು ದೊಡ್ಡದು ಮಾಡಿದಾಗ ಬಳಸಿದ್ದು ನಮ್ಮ ಭದ್ರಾವತಿಯ ಕಾರ್ಖಾನೆಯ ಕಬ್ಬಿಣ. ಕ್ಯಾಮರಾನ್ ನಂತರ 1908ರಲ್ಲಿ ಬಂದ ಜರ್ಮನಿಯ ಜಿ.ಎಚ್. ಕ್ರುಂಬಿಗೆಲ್, ಬಳಿಕ ಬಂದ ಎಚ್.ಸಿ. ಜವರಾಯ, ಸ್ವಾತಂತ್ರ್ಯಾನಂತರದ ಡಾ. ಎಂ.ಎಚ್. ಮರಿಗೌಡ ಒಬ್ಬರಾದ ಮೇಲೊಬ್ಬರು ತೋಟವನ್ನು ಬೆಳೆಸಿದರು. 40 ಎಕರೆ ಇದ್ದದ್ದು ಇಂದು ಸುಮಾರು 240 ಎಕರೆ.

ಇನ್ನು ಅಲ್ಲಿರುವ ಬಂಡೆ ಇವರೆಲ್ಲರಿಗಿಂತ ಹಿರಿದು. ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದಾದ ಈ ಶಿಲೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಅದರ ನೆತ್ತಿಯ ಮೇಲೆ ಕೆಂಪೇಗೌಡರ ಹೆಸರಿನ ಗೋಪುರವಿದೆ. ಮಕ್ಕಳು ಹತ್ತಿ ಇಳಿಯಲು ಇದಕ್ಕಿಂತ ಒಳ್ಳೆಯ ಜಾರುಬಂಡೆ ಯಾವ ಮಾಲ್‌ನಲ್ಲಿದೆ?

ಈಗ ಹೇಳಿ, ಇದು ಯಾರ ತೋಟ? ಹೈದರ್, ಟಿಪ್ಪು ನಮ್ಮವರು, ಆದ್ದರಿಂದ ಲಾಲ್‌ಬಾಗ್ ನಮ್ಮದು ಎಂದು ಕೆಲವರು ಎದೆ ತಟ್ಟಿ ಹೇಳುವುದುಂಟು. ಅದು ಅರ್ಧ ಚರಿತ್ರೆ. ಸುಲ್ತಾನರು ಬಿತ್ತಿದ್ದನ್ನು ಇಂಗ್ಲಿಷರು, ಜರ್ಮನ್ನರು, ಗೌಡರು ಬೆಳೆಸಿದರು. ಬಿಸಿಲಲ್ಲಿ ಮಣ್ಣು ಅಗೆದು ನೀರು ಹಾಯಿಸಿದ ಮಾಲಿಗಳ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಇವರಲ್ಲಿ ಒಬ್ಬರನ್ನು ತೆಗೆದುಹಾಕಿದರೂ ಇಂದಿನ ಲಾಲ್‌ಬಾಗ್ ಇರುತ್ತಿರಲಿಲ್ಲ.

ಮರದ ಅರಮನೆಯಿಂದ ಅಠಾರಾ ಕಚೇರಿಗೆ

ಲಾಲ್‌ಬಾಗಿನಿಂದ ಕೃಷ್ಣರಾಜ ಮಾರುಕಟ್ಟೆಯ ಕಡೆಗೆ ಬಂದರೆ ಕೋಟೆ ಸಿಗುತ್ತದೆ. ಕೆಂಪೇಗೌಡರು 1537ರಲ್ಲಿ ಮಣ್ಣಿನ ಕೋಟೆ ಕಟ್ಟಿ ಊರಿಗೆ ಬುನಾದಿ ಹಾಕಿದರು. 1761ರಲ್ಲಿ ಹೈದರ್ ಅಲಿ ಕಲ್ಲಿನ ಕೋಟೆ ಕಟ್ಟಿಸಿದ. 1791ರ ಮಾರ್ಚ್ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸ್‌ನ ಸೈನ್ಯ ಈ ಕೋಟೆಯನ್ನು ಹಿಡಿಯಿತು. ಈಗ ಉಳಿದಿರುವುದು ದೆಹಲಿ ಬಾಗಿಲು ಮತ್ತು ಅದರ ಸುತ್ತಲಿನ ಒಂದು ತುಣುಕು ಮಾತ್ರ. ಆ ಎತ್ತರದ ಬಾಗಿಲ ಕೆಳಗೆ ನಿಂತು ನೋಡಿದ ಮಗುವಿಗೆ ಮೈಸೂರು ಯುದ್ಧದ ಪಾಠವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ಕೋಟೆಯಿಂದ ಸ್ವಲ್ಪ ದೂರದಲ್ಲೇ ಟಿಪ್ಪುವಿನ ಬೇಸಿಗೆ ಅರಮನೆ. 1781ರಲ್ಲಿ ಹೈದರ್ ಆರಂಭಿಸಿದ ಕೆಲಸವನ್ನು 1791ರಲ್ಲಿ ಟಿಪ್ಪು ಮುಗಿಸಿದ. ಮರದ ಕಂಬ, ಮರದ ಕಮಾನು, ಮೇಲ್ಮಹಡಿಯ ಬಾಲ್ಕನಿ, ಗೋಡೆಯ ಮೇಲೆ ಬಣ್ಣ ಮಾಸಿದ ಹೂಬಳ್ಳಿಗಳು. ಈ ಅರಮನೆಯನ್ನು ‘ರಷ್ಕ್-ಎ-ಜನ್ನತ್’ ಎಂದು ಬಣ್ಣಿಸಲಾಗಿದೆ. ಸ್ವರ್ಗಕ್ಕೂ ಹೊಟ್ಟೆಕಿಚ್ಚು ತರುವಂಥದ್ದು ಎಂದು ಅರ್ಥ. ಉರ್ದು ಕಲಿಯುವ ಮಕ್ಕಳಿಗೆ ಈ ಎರಡು ಶಬ್ದಗಳನ್ನು ಕಲಿಸಲು ಇದಕ್ಕಿಂತ ತಕ್ಕ ತರಗತಿ ಕೋಣೆ ಬೇರಿಲ್ಲ. ಪುರಾತತ್ವ ಇಲಾಖೆಯ ಈ ಸ್ಮಾರಕಕ್ಕೆ ದೊಡ್ಡವರಿಗೆ ಸಣ್ಣ ಮೊತ್ತದ ಟಿಕೆಟ್ ಇದೆ. 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ.

1831ರಲ್ಲಿ ಮೈಸೂರಿನ ಆಡಳಿತವನ್ನು ಇಂಗ್ಲಿಷರು ವಹಿಸಿಕೊಂಡ ಬಳಿಕ ಇದೇ ಅರಮನೆ ಸರ್ಕಾರಿ ಕಚೇರಿಯಾಯಿತು. ಕಚೇರಿಗಳು ಹೆಚ್ಚಿದಂತೆ ಜಾಗ ಸಾಲದೆ, 1868ರಲ್ಲಿ ಅವು ಹೊಸ ಕೆಂಪು ಕಟ್ಟಡಕ್ಕೆ ಹೋದವು. ಹದಿನೆಂಟು ಇಲಾಖೆಗಳು ಅಲ್ಲಿದ್ದುದರಿಂದ ಜನ ಅದನ್ನು ‘ಅಠಾರಾ ಕಚೇರಿ’ ಎಂದು ಕರೆದರು. ಕನ್ನಡಿಗರೆಲ್ಲರ ಬಾಯಲ್ಲಿ ಅದು ಅಠಾರಾ ಕಚೇರಿಯಾಗಿಯೇ ಉಳಿಯಿತು. ಈಗ ಅಲ್ಲಿರುವುದು ನಮ್ಮ ಹೈಕೋರ್ಟ್. ಅದನ್ನು ಕಟ್ಟಿದ ಗುತ್ತಿಗೆದಾರರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್.

ಈ ಕಟ್ಟಡದ ಹಿಂದಿನ ಬಯಲೇ ಕಬ್ಬನ್ ಪಾರ್ಕ್. 1870ರಲ್ಲಿ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಇದನ್ನು ರೂಪಿಸಿದರು. 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ಹೆಸರಾಯಿತು, ಆದರೂ ಹಳೆಯ ಹೆಸರೇ ಬಳಕೆಯಲ್ಲಿದೆ. ಲಾಲ್‌ಬಾಗ್ ಅರಸರ ತೋಟವಾಗಿ ಹುಟ್ಟಿ ಸಾರ್ವಜನಿಕರದಾಯಿತು. ಕಬ್ಬನ್ ಪಾರ್ಕ್ ಹುಟ್ಟಿದ್ದೇ ಸಾರ್ವಜನಿಕ ಉದ್ಯಾನವಾಗಿ. ಇದರ ಒಳಗೆ ಅಡ್ಡಾಡಲು ಟಿಕೆಟ್ ಇಲ್ಲ.

ಇದೇ ಉದ್ಯಾನದಲ್ಲಿ ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನವಿದೆ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1915ರಲ್ಲಿ, ಸಾರ್ವಜನಿಕ ಗ್ರಂಥಾಲಯವಾಗಿ ಬಾಗಿಲು ತೆರೆದ ಸಂಸ್ಥೆ ಇದು. ಒಳಗೆ ಕುಳಿತು ಓದಲು ದುಡ್ಡು ಕೊಡಬೇಕಾಗಿಲ್ಲ. ವಿದ್ಯಾರ್ಥಿ ಮಿತ್ರರೇ, ಇನ್ನೊಂದು ವಿಷಯ ಗಮನಿಸಿ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರಲ್ಲಿ ಬಂದ ಮೇಲೆ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಸೇರಿತು. ಬಾಡಿಗೆ ಮನೆಯಲ್ಲಿರುವವರೂ ಬಾಡಿಗೆಯ ಮೂಲಕ ಅದರಲ್ಲಿ ಪಾಲು ಕೊಟ್ಟೇ ಇರುತ್ತಾರೆ. ನಿಮ್ಮ ಬಡಾವಣೆಯ ಶಾಖಾ ಗ್ರಂಥಾಲಯದ ಕುರ್ಚಿಯ ಮೇಲೆ ನಿಮ್ಮ ಮನೆಯ ದುಡ್ಡೂ ಇದೆ. ಹೋಗಿ ಕುಳಿತುಕೊಳ್ಳಿ.

ಪಕ್ಕದ ಕಸ್ತೂರಬಾ ರಸ್ತೆಯಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯ. ಡಾ. ಎಡ್ವರ್ಡ್ ಬಾಲ್‌ಫರ್ ಅವರ ಪ್ರಯತ್ನದಿಂದ 1865ರಲ್ಲಿ ದಂಡು ಪ್ರದೇಶದಲ್ಲಿ ಶುರುವಾಗಿ, ಬಳಿಕ ಈ ಕಟ್ಟಡಕ್ಕೆ ಬಂತು. ಮೊದಲಿದ್ದ ಜಾಗದ ನೆನಪಿಗೆ ಮ್ಯೂಸಿಯಂ ರಸ್ತೆ ಎಂಬ ಹೆಸರು ಉಳಿದಿದೆ. ಇಲ್ಲಿಯ ಸಂಗ್ರಹದಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲಿದೆ. ಹತ್ತನೆಯ ಶತಮಾನದ್ದು. ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತದ್ದನ್ನು ಅದರಲ್ಲಿ ಕನ್ನಡದಲ್ಲಿ ಕೆತ್ತಲಾಗಿದೆ. ನಾಯಿಯ ಹೆಸರನ್ನೂ ಸಾವಿರ ವರ್ಷ ಉಳಿಸಿದ ನಾಡು ನಮ್ಮದು ಎಂದರೆ ಯಾವ ಮಗು ಕಿವಿ ನಿಮಿರಿಸುವುದಿಲ್ಲ! ಆದರೆ ಸಂಗ್ರಹಾಲಯವನ್ನು ದುರಸ್ತಿಗಾಗಿ ಮುಚ್ಚುವುದುಂಟು. ಹೊರಡುವ ಮೊದಲು ವಿಚಾರಿಸಿಕೊಳ್ಳಿ. ಅದೇ ರಸ್ತೆಯಲ್ಲಿ 1962ರಲ್ಲಿ ಪಂಡಿತ್ ನೆಹರೂ ಉದ್ಘಾಟಿಸಿದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವಿದೆ. ಟಿಕೆಟ್ ಇದ್ದರೂ ವಿಜ್ಞಾನದಲ್ಲಿ ಆಸಕ್ತಿಯಿರುವ ಮಕ್ಕಳಿಗೆ ಒಂದು ದಿನವೂ ಸಾಲದು.

ಸರ್ ಮಿರ್ಜಾ ಅವರ ಬೆಂಗಳೂರು

ಬೆಂಗಳೂರಿನ ಸೊಬಗಿನ ಮಾತು ಬಂದಾಗ ಸರ್ ಮಿರ್ಜಾ ಇಸ್ಮಾಯಿಲ್ ಅವರನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ಅವರ ತಾತ ಅಲಿ ಅಸ್ಕರ್ ಪರ್ಷಿಯಾದಿಂದ ಬಂದ ಕುದುರೆ ವ್ಯಾಪಾರಿ. ಅಲಿ ಅಸ್ಕರ್ ರಸ್ತೆ ಇಂದಿಗೂ ಆ ಹೆಸರನ್ನು ಹೊತ್ತಿದೆ. 1883ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಮಿರ್ಜಾ, ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿ ಕಲಿತರು. 1926ರಿಂದ 1941ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದರು.

ದಿವಾನರಿಗೆ ದೊಡ್ಡ ಕೆಲಸಗಳೇನು ಕಡಿಮೆ? ಆದರೂ ರಸ್ತೆಯ ಬದಿಯ ಮರ, ವೃತ್ತದ ಹೂವಿನ ಪಾತಿ, ಬೀದಿಯ ದೀಪಗಳ ಬಗ್ಗೆ ಅವರಿಗೆ ಬಲು ಕಾಳಜಿ. ಖುದ್ದಾಗಿ ಊರು ಸುತ್ತಿ ನೋಡುತ್ತಿದ್ದರು. ಕ್ರುಂಬಿಗೆಲ್ ಅವರ ನೆರವು ಪಡೆದು ಕನ್ನಂಬಾಡಿಯ ಬೃಂದಾವನ ಉದ್ಯಾನವನ್ನು ರೂಪಿಸಿದ್ದು ಅವರ ಕಾಲದಲ್ಲೇ. ನಗರದ ಪುಟ್ಟಣ್ಣ ಚೆಟ್ಟಿ ಪುರಭವನ ಎದ್ದದ್ದೂ ಅವರು ದಿವಾನರಾಗಿದ್ದಾಗಲೇ. ರಸ್ತೆಯ ಮರಗಳ ವಿಷಯದಲ್ಲಿ ಕ್ರುಂಬಿಗೆಲ್ ಅವರಿಗೆ ಒಂದು ಕನಸಿತ್ತು: ವರ್ಷದ ಯಾವ ತಿಂಗಳಲ್ಲಿ ನೋಡಿದರೂ ಊರಿನ ಯಾವುದಾದರೊಂದು ರಸ್ತೆಯಲ್ಲಿ ಮರ ಹೂಬಿಟ್ಟಿರಬೇಕು. ಬೇಸಿಗೆಯಲ್ಲಿ ಗುಲ್‌ಮೊಹರ್ ಕೆಂಪಾಗುವುದನ್ನು ನೋಡಲು ಬಡವನಿಗೂ ಸಾಹುಕಾರನಿಗೂ ಒಂದೇ ದರ. ತಲೆ ಎತ್ತಿದರೆ ಸಾಕು.

ನಮ್ಮ ಹೆಣ್ಣುಮಕ್ಕಳಿಗೆ, ಹುಡುಗರಿಗೆ ಮಿರ್ಜಾ ಅವರನ್ನು ಮುಸ್ಲಿಂ ದಿವಾನರೆಂದಷ್ಟೇ ಪರಿಚಯಿಸಿದರೆ ಸಾಲದು. ಅಧಿಕಾರದಲ್ಲಿರುವವರು ದಾರಿಹೋಕನ ಕಣ್ಣಿನ ಸಂತೋಷವನ್ನೂ ತಮ್ಮ ಕರ್ತವ್ಯವೆಂದು ತಿಳಿದಿದ್ದರು ಎಂಬುದನ್ನು ಕಲಿಸಬೇಕು.

ಕೂಡಿ ನೋಡುವ ಹಬ್ಬಗಳು

ತಾಣಗಳಂತೆಯೇ ಕೆಲವು ದಿನಗಳೂ ಎಲ್ಲರಿಗೆ ಸೇರಿದವು. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರ ಪೇಟೆಯ ಧರ್ಮರಾಯನ ಗುಡಿಯಿಂದ ಹೊರಡುವ ಕರಗವು ಕಾಟನ್‌ಪೇಟೆಯ ಹಜರತ್ ತವಕ್ಕಲ್ ಮಸ್ತಾನ್ ಅವರ ದರ್ಗಾಕ್ಕೆ ಬಂದು ಹೋಗುತ್ತದೆ. ತಲೆತಲಾಂತರದಿಂದ ನಡೆದುಬಂದ ಈ ಪದ್ಧತಿಯನ್ನು ನಮ್ಮ ಮಕ್ಕಳು ಕಣ್ಣಾರೆ ನೋಡಬೇಕು. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಒಂದು ಸೇರು ಹುರಿದ ಕಡಲೆಕಾಯಿ ಕೊಂಡು ಜನಜಂಗುಳಿಯಲ್ಲಿ ನಡೆಯುವುದಕ್ಕೆ ಎಷ್ಟು ಖರ್ಚಾದೀತು? ಇನ್ನು ಈದ್‌ನ ಮಾರನೆಯ ದಿನ, ನಮ್ಮ ಮನೆಗಳಲ್ಲಿ ಬಾಸಿ ಈದ್ ಎನ್ನುವ ದಿನ, ಹೊಸ ಬಟ್ಟೆ ತೊಟ್ಟ ಮಕ್ಕಳೊಂದಿಗೆ ಉದ್ಯಾನಗಳಿಗೆ ಹೋಗುವ ರೂಢಿ ನಮ್ಮಲ್ಲಿದೆ. ಅದನ್ನು ವರ್ಷಕ್ಕೆರಡು ದಿನಕ್ಕೆ ಮಾತ್ರ ಮೀಸಲಿಡಬೇಕೇಕೆ?

ಬಳಕೆ ತಪ್ಪಿದ ಜಾಗದ ಗತಿ

ಇಷ್ಟು ಓದಿದ ಮೇಲೆ ನೀವು ಕೇಳಬಹುದು: ಹೋಗದಿದ್ದರೆ ಏನಾಯಿತು? ಲಾಲ್‌ಬಾಗ್ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ?

ಇದಕ್ಕೂ ಚರಿತ್ರೆಯೇ ಉತ್ತರ ಹೇಳುತ್ತದೆ. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ನಿಂತಾಗ ನಿಮ್ಮ ಕಾಲ ಕೆಳಗಿರುವುದು ಧರ್ಮಾಂಬುಧಿ ಕೆರೆಯ ಅಂಗಳ. ಪೇಟೆಯ ಜನ ಕುಡಿಯುವ ನೀರಿಗೆ ಅದನ್ನೇ ನಂಬಿದ್ದರು. ಕಂಠೀರವ ಕ್ರೀಡಾಂಗಣವಿರುವ ಜಾಗದಲ್ಲಿ ಸಂಪಂಗಿ ಕೆರೆಯಿತ್ತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬರತೊಡಗಿತು. ನೀರು ಮನೆ ಬಾಗಿಲಿಗೆ ಬಂದದ್ದು ಒಳ್ಳೆಯದೇ. ಆದರೆ ಅಂದಿನಿಂದ ಜನ ಕೆರೆಯ ಕಡೆ ಹೋಗುವುದು ಕಡಿಮೆಯಾಯಿತು. ಕಾಲುವೆಗಳನ್ನು ಕೇಳುವವರಿಲ್ಲದಾಯಿತು. ನೀರು ಬತ್ತಿತು. ಬತ್ತಿದ ಕೆರೆ ಮೈದಾನವಾಯಿತು, ಮೈದಾನ ಕಟ್ಟಡವಾಯಿತು. ಸಂಪಂಗಿ ಕೆರೆಯ ಒಂದು ಚಿಕ್ಕ ಹೊಂಡ ಮಾತ್ರ ಉಳಿದಿದೆ. ಅದೂ ಉಳಿದದ್ದು ಕರಗದ ವಿಧಿಗಳಿಗೆ ಜನ ವರ್ಷ ವರ್ಷವೂ ಅಲ್ಲಿಗೆ ಬರುತ್ತಿದ್ದುದರಿಂದ.

ಇನ್ನೊಂದು ಉದಾಹರಣೆ ನೋಡಿ. ಉದ್ಯಾನಗಳ ರಕ್ಷಣೆಗೆ ಕರ್ನಾಟಕದಲ್ಲಿ 1975ರಲ್ಲಿ ಕಾಯ್ದೆ ಬಂದಿತ್ತು. ಹಾಗಿದ್ದರೂ 1998ರಲ್ಲಿ ಕಬ್ಬನ್ ಪಾರ್ಕಿನ ಒಂದಷ್ಟು ಎಕರೆಯನ್ನು ರಕ್ಷಣೆಯ ಪಟ್ಟಿಯಿಂದ ಕೈಬಿಡುವ ಕ್ರಮಕ್ಕೆ ಸರ್ಕಾರ ಮುಂದಾಯಿತು. ಆಗ ಪ್ರತಿಭಟಿಸಲು ಬಂದವರು ನಗರದ ಸಾಮಾನ್ಯ ನಾಗರಿಕರು. ಇಂದಿಗೂ ಪಾರ್ಕಿನ ನೆಲದ ಬಗ್ಗೆ ಏನಾದರೂ ಪ್ರಸ್ತಾಪ ಎದ್ದರೆ ಮೊದಲು ಕೇಳುವ ದನಿ ಅಲ್ಲಿ ದಿನವೂ ನಡೆಯಲು ಬರುವವರದು. ಕಾಯ್ದೆ ಕಾಗದದ ಮೇಲಿರುತ್ತದೆ; ಅದಕ್ಕೆ ಜೀವ ಕೊಡುವುದು ಜನರ ಕಾಲು.

ಇಲ್ಲಿ ನಮ್ಮನ್ನೇ ನಾವು ಒಂದು ಮಾತು ಕೇಳಿಕೊಳ್ಳಬೇಕು. ಆ ದನಿಗಳಲ್ಲಿ ನಮ್ಮ ಮೊಹಲ್ಲಾಗಳ ದನಿ ಎಷ್ಟಿದೆ? ಇಕ್ಕಟ್ಟಾದ ಗಲ್ಲಿಗಳಲ್ಲಿ, ಎರಡು ಕೋಣೆಯ ಮನೆಗಳಲ್ಲಿ ಬೆಳೆಯುವ ಮಕ್ಕಳಿಗೇ ಬಯಲಿನ ಅಗತ್ಯ ಹೆಚ್ಚು. ಸ್ವಂತ ತೋಟವಿದ್ದವರಿಗೆ ಕಬ್ಬನ್ ಪಾರ್ಕ್ ಹೋದರೆ ಅಷ್ಟು ನಷ್ಟವಿಲ್ಲ. ಇಲ್ಲದವರಿಗೆ ಅದೊಂದೇ ತೋಟ.

ಈ ರಜೆಗೆ ಒಂದು ಸಲಹೆ

ತಿಂಗಳಿಗೆ ಒಂದು ಭಾನುವಾರವನ್ನು ಇದಕ್ಕೆಂದು ತೆಗೆದಿಡಿ. ಮೊದಲ ತಿಂಗಳು ಲಾಲ್‌ಬಾಗ್. ಬೆಳಗಿನ ವಾಯುವಿಹಾರದ ಹೊತ್ತಿಗೆ ಹೋದರೆ ಟಿಕೆಟ್ ಇಲ್ಲ. ಎರಡನೆಯ ತಿಂಗಳು ಕೋಟೆ ಮತ್ತು ಟಿಪ್ಪು ಅರಮನೆ, ಮೂರನೆಯದು ಕಬ್ಬನ್ ಪಾರ್ಕ್. ನಾಲ್ಕನೆಯ ತಿಂಗಳು 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆ, ಇಲ್ಲವೇ ಹಲಸೂರು ಕೆರೆಯ ದಂಡೆ. ಊಟದ ಡಬ್ಬಿ, ನೀರಿನ ಬಾಟಲಿ ಮನೆಯಿಂದಲೇ ಇರಲಿ. ಪ್ಲಾಸ್ಟಿಕ್ ಚೀಲ ಬೇಡ. ನಮಾಜಿನ ಹೊತ್ತು ನೋಡಿಕೊಂಡು ಹೊರಟರೆ ಅವಸರವಾಗುವುದಿಲ್ಲ. ಬಾಗಿಲು ತೆರೆಯುವ ವೇಳೆ, ವಾರದ ರಜೆ, ಟಿಕೆಟಿನ ದರ ಬದಲಾಗುತ್ತಿರುತ್ತವೆ, ಮುಂಚಿತವಾಗಿ ತಿಳಿದುಕೊಳ್ಳಿ.

ತಾಯಂದಿರಿಗೆ ಒಂದು ವಿಶೇಷ ಮಾತು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ರಾಜ್ಯದ ಮಹಿಳೆಯರು ಗುರುತಿನ ಚೀಟಿ ತೋರಿಸಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟಿಗೆ ದುಡ್ಡು ಕೊಡದೆ ಓಡಾಡುತ್ತಿದ್ದಾರೆ. ಮದುವೆಯಾಗಿ ಈ ಊರಿಗೆ ಬಂದು ಇಪ್ಪತ್ತು ವರ್ಷವಾದರೂ ಮನೆ, ಮಾರುಕಟ್ಟೆ, ಆಸ್ಪತ್ರೆ ಬಿಟ್ಟು ಬೇರೇನೂ ನೋಡದ ಅಮ್ಮಂದಿರನ್ನು ನಾನು ಪೋಷಕರ ಸಭೆಗಳಲ್ಲಿ ಕಂಡಿದ್ದೇನೆ. ಮಕ್ಕಳೇ, ನಿಮ್ಮ ಅಮ್ಮಿಯನ್ನು ನೀವೇ ಕರೆದುಕೊಂಡು ಹೋಗಿ. ಶಾಲೆಯಲ್ಲಿ ಓದಿದ್ದನ್ನು ಅವರಿಗೆ ತೋರಿಸಿ ಹೇಳಿ. ಪಾಠ ನಿಮಗೆ ಎಷ್ಟು ಅರ್ಥವಾಗಿದೆ ಎಂದು ಅಲ್ಲೇ ಗೊತ್ತಾಗುತ್ತದೆ.

ನಮ್ಮ ಸಂಸ್ಥೆಯ ಸದಸ್ಯರಲ್ಲೂ ಒಂದು ವಿನಂತಿ. ವಿದ್ಯಾರ್ಥಿವೇತನ, ಪುಸ್ತಕ ವಿತರಣೆಯ ಜೊತೆಗೆ, ವರ್ಷಕ್ಕೆರಡು ಸಲವಾದರೂ ಒಂದೊಂದು ಮೊಹಲ್ಲಾದ ಹತ್ತು ಕುಟುಂಬಗಳನ್ನು ಹೀಗೆ ಕರೆದೊಯ್ಯುವ ಏರ್ಪಾಡು ಮಾಡಬಾರದೇಕೆ? ಖರ್ಚು ಹೆಚ್ಚಿಲ್ಲ, ಜೊತೆಗೆ ನಡೆದು ವಿವರಿಸುವ ಒಬ್ಬರು ಶಿಕ್ಷಕರಿದ್ದರೆ ಸಾಕು. ಆ ಕೆಲಸಕ್ಕೆ ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ.

ಅಂದು ಲಾಲ್‌ಬಾಗಿನ ಗೇಟಿನಲ್ಲಿ ಆ ಹುಡುಗಿಗೆ ನಾನು ಇಷ್ಟನ್ನೆಲ್ಲ ಹೇಳಲಿಲ್ಲ. “ಹೋಗಬಹುದಮ್ಮಾ, ಬಾ” ಎಂದಷ್ಟೇ ಹೇಳಿದೆ. ಒಳಗೆ ಬಂದವಳು ಬಂಡೆಯ ಮೇಲಕ್ಕೆ ಓಡಿದಳು. ಅಲ್ಲಿಂದ ಊರನ್ನೆಲ್ಲ ನೋಡಿ, ತನ್ನ ಮನೆ ಯಾವ ದಿಕ್ಕಿಗಿದೆ ಎಂದು ಗೆಳತಿಯರಿಗೆ ತೋರಿಸಿದಳು. ಮುಂದಿನ ವಾರ ತರಗತಿಗೆ ಬಂದು ಹೇಳಿದಳು: “ಮೇಡಂ, ಭಾನುವಾರ ಅಬ್ಬಾ, ಅಮ್ಮಿ, ತಮ್ಮಂದಿರು ಎಲ್ಲರನ್ನೂ ಕರ್ಕೊಂಡು ಹೋಗಿದ್ದೆ. ದಾರಿ ನಾನೇ ತೋರಿಸಿದೆ.”